ಹನ್ನೆರಡರಲ್ಲೊಂದು ಪಾಲು: ಮೈಸೂರಿನ ಜಾವಾ ಮತ್ತು ಅದರ ಪಾಠಾಂತರಗಳು

ಹಳಗನ್ನಡದ ಗ್ರಂಥಗಳನ್ನು ಸಂಪಾದಿಸಿದವರು ಎದುರಿಸಿದ ಮೊದಲ ತೊಡಕು ಪ್ರತಿಗಳದು. ಕವಿಯ ಕೈಬರಹ ಎಲ್ಲಿಯೂ ಉಳಿದಿಲ್ಲ. ಉಳಿದಿರುವುದು ಲಿಪಿಕಾರರು ಒಬ್ಬರಿಂದೊಬ್ಬರು ನಕಲು ಮಾಡಿಕೊಂಡ ಓಲೆಗಳು. ಒಬ್ಬನು ಅರ್ಥವಾಗದ ಪದವನ್ನು ತಿದ್ದಿರುತ್ತಾನೆ, ಇನ್ನೊಬ್ಬನು ತನ್ನ ಊರಿನ ಉಚ್ಚಾರಣೆಯನ್ನು ಸೇರಿಸಿರುತ್ತಾನೆ, ಮತ್ತೊಬ್ಬನು ಹುಳು ತಿಂದ ಜಾಗವನ್ನು ತನಗೆ ತೋಚಿದಂತೆ ತುಂಬಿರುತ್ತಾನೆ. ಮೈಸೂರಿನಲ್ಲಿ ಕುಳಿತು ಇಂಥ ಪಾಠಾಂತರಗಳೊಡನೆ ಬಾಳು ಸವೆಸಿದ ಡಿ.ಎಲ್. ನರಸಿಂಹಾಚಾರ್ಯರು ಆ ವಿದ್ಯೆಯನ್ನು ಕುರಿತೇ ‘ಕನ್ನಡ ಗ್ರಂಥಸಂಪಾದನೆ’ ಎಂಬ ಶಾಸ್ತ್ರಗ್ರಂಥವನ್ನು ಬರೆದರು. ಅದೇ ಮೈಸೂರಿನ ಯಾದವಗಿರಿಯಲ್ಲಿ ತಯಾರಾದ ಒಂದು ಮೋಟಾರ್‌ಸೈಕಲ್ಲಿಗೂ ಈ ವಿದ್ಯೆ ಅನ್ವಯಿಸುತ್ತದೆ ಎಂಬುದನ್ನು ಈ ಲೇಖನದಲ್ಲಿ ತೋರಿಸಬೇಕೆಂದಿದ್ದೇವೆ.

ದೌಂಡದಲ್ಲಿ ನೆಲೆಸಿರುವ ನಾವು ಕೆಲವರು ಮೈಸೂರಿನ ಜಾವಾದ ಒಂದು ಸಣ್ಣ ಮಾದರಿಯನ್ನು ಮಾಡಲು ಕೈಹಾಕಿದೆವು. ಮೂಲದ ಹನ್ನೆರಡರಲ್ಲೊಂದು ಪಾಲಿನ ಅಳತೆ. ಇದು ಮಕ್ಕಳಾಟವೆಂದು ಕಾಣಬಹುದು. ಆದರೆ ಅಳತೆ ಮಾದರಿಗಳ ಹವ್ಯಾಸಕ್ಕೆ ತನ್ನದೇ ಆದ ಚರಿತ್ರೆಯಿದೆ, ಶಿಸ್ತಿದೆ. ಒಂದು ಅಡಿಯನ್ನು ಒಂದು ಅಂಗುಲಕ್ಕೆ ಇಳಿಸುವ ಲೆಕ್ಕದಿಂದ ಹುಟ್ಟಿದ್ದು 1:12 ಎಂಬ ಪ್ರಮಾಣ. ಜಪಾನಿನ ಶಿಜುವೋಕಾ ನಗರದ ಟಮಿಯಾ ಸಂಸ್ಥೆ ಮರದ ವ್ಯಾಪಾರದಿಂದ ಆರಂಭವಾಗಿ, ಪ್ಲಾಸ್ಟಿಕ್ ಕಿಟ್‌ಗಳಿಗೆ ಬಂದು, ಈ ಪ್ರಮಾಣದ ಮೋಟಾರ್‌ಸೈಕಲ್‌ಗಳನ್ನು ಲೋಕಪ್ರಸಿದ್ಧಗೊಳಿಸಿತು. ಇಟಲಿಯ ಪ್ರೋಟಾರ್ ಸಂಸ್ಥೆಯನ್ನು ಕಟ್ಟಿದವನು ತಾರ್ಕ್ವಿನಿಯೋ ಪ್ರೊವೀನಿ ಎಂಬ ಪಂದ್ಯಗಾರ. 1966ರಲ್ಲಿ ಐಲ್ ಆಫ್ ಮ್ಯಾನ್ ದ್ವೀಪದಲ್ಲಿ ಬಿದ್ದು ಗಾಯಗೊಂಡ ಬಳಿಕ ಅವನ ಪಂದ್ಯದ ಬದುಕು ಮುಗಿಯಿತು. ತಾನು ಓಡಿಸಿದ ಬಗೆಯ ಗಾಡಿಗಳನ್ನೇ ಅವನು ಒಂಬತ್ತರಲ್ಲೊಂದು ಪಾಲಿಗೆ ಇಳಿಸಿ ಮಾರಿದ. ಹೋಂಡಾ, ಯಮಹಾ, ಡುಕಾಟಿ, ಬಿಎಂಡಬ್ಲ್ಯು, ನಾರ್ಟನ್‌ಗಳಿಗೆ ಕಿಟ್‌ಗಳಿವೆ. ಜೆಕ್ ದೇಶದ ಅಬ್ರೆಕ್ಸ್ ಸಂಸ್ಥೆ ತನ್ನ ನಾಡಿನ ಹಳೆಯ ಜಾವಾಗಳನ್ನು 1:18 ಪ್ರಮಾಣದಲ್ಲಿ ಲೋಹದಲ್ಲಿ ತಂದಿದೆ. ಮೈಸೂರಿನ ಜಾವಾ ಬೇಕೆನ್ನುವವನು ಮಾತ್ರ ಬೇರೊಂದು ಗಾಡಿಯ ಕಿಟ್ಟನ್ನು ಒಡೆದು, ಕೊಯ್ದು, ಅರೆದು, ತನ್ನದನ್ನು ತಾನೇ ಕಟ್ಟಿಕೊಳ್ಳಬೇಕು. ಹಾಗೆ ಕಟ್ಟತೊಡಗಿದಾಗ ಪ್ರತಿಯೊಂದು ಬಿಡಿಭಾಗವೂ ಚರಿತ್ರೆಯ ಪ್ರಶ್ನೆಯೊಂದನ್ನು ಕೇಳುತ್ತದೆ.

ಮೊದಲ ಪ್ರಶ್ನೆ ಹೆಸರಿನದು. 1929ರಲ್ಲಿ ಫ್ರಾಂಟಿಶೆಕ್ ಯಾನೆಚೆಕ್ ಎಂಬ ಜೆಕ್ ಉದ್ಯಮಿ ಜರ್ಮನಿಯ ವಾಂಡರರ್ ಸಂಸ್ಥೆಯಿಂದ 500 ಸಿಸಿ ಮೋಟಾರ್‌ಸೈಕಲ್ಲನ್ನು ತಯಾರಿಸುವ ಹಕ್ಕನ್ನು ಕೊಂಡನು. ತನ್ನ ಹೆಸರಿನ ಮೊದಲ ಎರಡು ಅಕ್ಷರಗಳನ್ನೂ ವಾಂಡರರ್‌ನ ಮೊದಲ ಎರಡು ಅಕ್ಷರಗಳನ್ನೂ ಕೂಡಿಸಿದಾಗ ಆದದ್ದು, ಜೆಕ್ ಉಚ್ಚಾರಣೆಯಲ್ಲಿ, ‘ಯಾವಾ’. ನಮ್ಮಲ್ಲಿ ಅದು ‘ಜಾವಾ’ ಆಯಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಜರ್ಮನರ ಆಕ್ರಮಣದ ಅಡಿಯಲ್ಲಿಯೇ, ಅವರ ಕಣ್ಣುತಪ್ಪಿಸಿ, ಜಾವಾದ ಇಂಜಿನಿಯರುಗಳು ಹೊಸ 250 ಸಿಸಿ ಗಾಡಿಯನ್ನು ರೂಪಿಸಿದರು. ಯುದ್ಧ ಮುಗಿದ ಮೇಲೆ ‘ಪೆರಾಕ್’ ಎಂಬ ಹೆಸರಿನಿಂದ ಅದು ಹೊರಬಂತು. ಅದರ ವಂಶದಲ್ಲಿ 1954ರ ಹೊತ್ತಿಗೆ ಬಂದದ್ದು 353 ಎಂಬ ಮಾದರಿ. ಹಿಂಗಾಲಿಯನ್ನು ತೂಗುವ ತೋಳಿನ ಮೇಲೆ ಕೂರಿಸಿದ್ದರಿಂದ ಜೆಕ್ಕರು ಅದನ್ನು ‘ತೂಗಾಡುವವಳು’ ಎಂಬರ್ಥದ ಹೆಸರಿನಿಂದ ಕರೆದರು. ಮೈಸೂರಿಗೆ ಬಂದದ್ದು ಇದೇ.

ಸ್ವಾತಂತ್ರ್ಯಾನಂತರದ ಭಾರತದಲ್ಲಿ ಸಿದ್ಧ ಗಾಡಿಗಳ ಆಮದಿಗೆ ಬಾಗಿಲು ಕಿರಿದಾಗುತ್ತಾ ಬಂತು. ಪರವಾನಗಿ ಪಡೆದು ಇಲ್ಲಿಯೇ ತಯಾರಿಸುವುದೊಂದೇ ದಾರಿಯಾಯಿತು. 1955ರಲ್ಲಿ ಮದರಾಸಿನಲ್ಲಿ ಇಂಗ್ಲೆಂಡಿನ ಎನ್‌ಫೀಲ್ಡ್ ಬುಲೆಟ್ ನೆಲೆಗೊಂಡಿತು. ಎಸ್ಕಾರ್ಟ್ಸ್ ಸಂಸ್ಥೆ ಪೋಲೆಂಡಿನ ಗಾಡಿಯೊಂದನ್ನು ತಂದು ರಾಜದೂತ್ ಎಂದು ಹೆಸರಿಟ್ಟಿತು. ಮುಂಬಯಿಯಲ್ಲಿ ಜಾವಾಗಳನ್ನು ಆಮದು ಮಾಡಿಕೊಂಡು ಮಾರುತ್ತಿದ್ದ ಇರಾನಿ ಮನೆತನದ ರುಸ್ತುಂ ಇರಾನಿ ಮತ್ತು ಫಾರೋಖ್ ಇರಾನಿ ಅವರು ಮೈಸೂರಿನಲ್ಲಿ ಐಡಿಯಲ್ ಜಾವಾ ಸಂಸ್ಥೆಯನ್ನು ಕಟ್ಟಿದರು. 1961ರಲ್ಲಿ ಯಾದವಗಿರಿಯ ಕಾರ್ಖಾನೆಯನ್ನು ಉದ್ಘಾಟಿಸಿದವರು ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರು. ಮೊದಮೊದಲು ಭಾಗಗಳು ಜೆಕೊಸ್ಲೊವಾಕಿಯದಿಂದ ಬಂದು ಇಲ್ಲಿ ಜೋಡಣೆಯಾದವು. ಕ್ರಮೇಣ ಇಲ್ಲಿಯವೇ ಆದವು. ಅಂದರೆ ‘ಮೈಸೂರಿನ ಜಾವಾ’ ಎಂಬುದು ಮೊದಲ ದಿನದಿಂದಲೂ ಒಂದೇ ವಸ್ತುವಾಗಿರಲಿಲ್ಲ. ಅದು ವರ್ಷ ವರ್ಷಕ್ಕೆ ಸ್ವಲ್ಪ ಸ್ವಲ್ಪವಾಗಿ ಕನ್ನಡನಾಡಿನದಾಗುತ್ತಿತ್ತು.

1973ರಲ್ಲಿ ಜಾವಾ ಎಂಬ ಹೆಸರು ಹೋಗಿ ‘ಯೆಜ್ಡಿ’ ಬಂತು. ಇರಾನಿನ ಯಜ್ದ್ ನಗರದ ನೆನಪನ್ನು ಹೊತ್ತ ಹೆಸರದು. ಇರಾನಿಗಳ ಪೂರ್ವಿಕರ ಸೀಮೆಯ ಗುರುತು. ಅದೇ ವರ್ಷ ನವೆಂಬರ್ 1ರಂದು ಮೈಸೂರು ರಾಜ್ಯವು ಕರ್ನಾಟಕವಾಯಿತು. ಒಂದಕ್ಕೊಂದು ಸಂಬಂಧವಿಲ್ಲದ ಎರಡು ನಾಮಕರಣಗಳು. ಆದರೆ ಮಾದರಿ ಮಾಡುವವನಿಗೆ ಅವು ಒಟ್ಟಿಗೇ ಎದುರಾಗುತ್ತವೆ: ಟ್ಯಾಂಕಿನ ಮೇಲೆ ಯಾವ ಹೆಸರನ್ನು ಬರೆಯಬೇಕು, ಸಂಖ್ಯಾಫಲಕದ ಮೇಲೆ ಯಾವ ರಾಜ್ಯದ ಗುರುತನ್ನು ಬರೆಯಬೇಕು? ವರ್ಷವನ್ನು ಗೊತ್ತುಮಾಡದೆ ಒಂದು ಅಕ್ಷರವನ್ನೂ ಬರೆಯುವಂತಿಲ್ಲ. ಕೂದಲೆಳೆಯಷ್ಟು ಸಣ್ಣ ಕುಂಚವನ್ನು ಹಿಡಿದವನು ಮೊದಲು ಇಸವಿಯನ್ನು ಹಿಡಿಯಬೇಕಾಗುತ್ತದೆ.

ಇನ್ನು ಅಳತೆಗಳು. 353ರ ಸಿಲಿಂಡರಿನ ಒಳವ್ಯಾಸ 65 ಮಿಲಿಮೀಟರ್, ಪಿಸ್ಟನ್ನಿನ ಓಟ 75 ಮಿಲಿಮೀಟರ್. ಹನ್ನೆರಡರಿಂದ ಭಾಗಿಸಿದರೆ 5.4 ಮತ್ತು 6.25. ಉದ್ದ ಹನ್ನೆರಡರಲ್ಲೊಂದಾದರೆ ಘನ ಅಳತೆ 1728ರಲ್ಲೊಂದಾಗುತ್ತದೆ. 250 ಸಿಸಿ ಎಂದು ನಾವು ಹೆಮ್ಮೆಯಿಂದ ಹೇಳುತ್ತಿದ್ದ ಇಂಜಿನ್ನಿನ ಹೊಟ್ಟೆಯಲ್ಲಿ ಈಗ ಹಿಡಿಸುವುದು ಸುಮಾರು ಮೂರು ಹನಿ ನೀರು. 130 ಕಿಲೋ ತೂಗುವ ಗಾಡಿಯೊಂದು ಈ ಲೆಕ್ಕದಲ್ಲಿ 75 ಗ್ರಾಮಿಗೆ ಇಳಿಯುತ್ತದೆ. ಜಾವಾದ ಚಕ್ರ 16 ಅಂಗುಲದ್ದು. ಮಾದರಿಯಲ್ಲಿ ಅದು 34 ಮಿಲಿಮೀಟರ್. 1978ರಿಂದ ಬಂದ ಯೆಜ್ಡಿ ರೋಡ್‌ಕಿಂಗ್‌ನ ಚಕ್ರ 18 ಅಂಗುಲದ್ದು. ಅದು 38 ಮಿಲಿಮೀಟರ್. ಎರಡರ ನಡುವಿನ ಅಂತರ ನಾಲ್ಕೇ ಮಿಲಿಮೀಟರ್, ಆದರೆ ಆ ನಾಲ್ಕು ಮಿಲಿಮೀಟರಿನಲ್ಲಿ ಒಂದು ಕಾಲಮಾನದ ಅಂತರವಿದೆ. ಜಾವಾ ತಗ್ಗಾಗಿ, ದುಂಡಾಗಿ, ಮೈದುಂಬಿ ಕೂರುವ ಗಾಡಿ. ರೋಡ್‌ಕಿಂಗ್ ಎದ್ದು ನಿಂತ ಗಾಡಿ. ಈಚಿನ ಪಂದ್ಯದ ಗಾಡಿಗಳ ಕಿಟ್‌ಗಳಲ್ಲಿ ಸಿಗುವುದು ಹೆಚ್ಚಾಗಿ 17 ಅಂಗುಲದ ಚಕ್ರ. ಅದು ಇಬ್ಬರಿಗೂ ಒಗ್ಗುವುದಿಲ್ಲ. ಆದುದರಿಂದ ಚಕ್ರದ ಬಳೆಯನ್ನು ಹೊಸದಾಗಿಯೇ ಬಳೆದುಕೊಳ್ಳಬೇಕು. ಲೇತಿನಲ್ಲಿ ಆಲೆ ಮರವನ್ನು ಕಡೆಯುವ ಚನ್ನಪಟ್ಟಣದ ಕೈಗಳಿಗೆ ಈ ಕೆಲಸ ಹೊಸದೇನಲ್ಲ. ಕಡ್ಡಿಗಳಿಗೆ ಸುಟ್ಟ ಮೋಟಾರಿನ ಸುರುಳಿಯಿಂದ ಬಿಚ್ಚಿದ ಸಣ್ಣ ತಂತಿ ಸಾಕು.

ಜಾವಾದ ಇಂಜಿನ್ನಿನಲ್ಲಿ ಸಿಲಿಂಡರು ಒಂದೇ. ಆದರೆ ಹೊಗೆಕೊಳವೆಗಳು ಎರಡು, ಎಡಬಲಕ್ಕೆ ಒಂದೊಂದು. ಸರಪಳಿ ಪೂರ್ತಿಯಾಗಿ ಕವಚದೊಳಗೆ ಅಡಗಿದೆ. ಕಾರ್ಬ್ಯುರೇಟರು ಕೂಡ ಮುಚ್ಚಳದ ಹಿಂದೆ ಮರೆಯಾಗಿದೆ. ಎಲ್ಲಕ್ಕಿಂತ ವಿಶೇಷವಾದದ್ದು ಎಡಗಾಲಿನ ಬಳಿಯ ಸನ್ನೆ: ಅದನ್ನು ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್, ಕೆಳಗೆ ಬಿಟ್ಟರೆ ಗೇರು. ಒಂದೇ ಕಬ್ಬಿಣದ ತುಂಡು ಎರಡು ಕೆಲಸ ಮಾಡುತ್ತದೆ. ಅದೇ ಕಾಲದ ಬುಲೆಟ್ಟಿನ ಗೇರು ಬಲಗಾಲಿನದು. ಬುಲೆಟ್ಟಿನ ಕಿಟ್ಟನ್ನು ತಿದ್ದಿ ಜಾವಾ ಮಾಡುತ್ತೇವೆಂದು ಹೊರಟವರು ಮೊದಲಿಗೆ ಎಡವುವುದು ಇಲ್ಲಿಯೇ. ಇಂಥ ವಿವರಗಳು ಪ್ರತಿಯೊಂದು ಗಾಡಿಯಲ್ಲಿಯೂ ಒಂದೇ ತೆರನಾಗಿವೆ. ಪ್ರತಿಗಳೆಲ್ಲ ಒಪ್ಪುವ ಪಾಠವೆಂದು ಇವನ್ನು ಕರೆಯಬಹುದು.

ಪ್ರತಿಗಳು ಒಪ್ಪದ ಕಡೆ ನಿಜವಾದ ಕೆಲಸ ಶುರುವಾಗುತ್ತದೆ. ಇಂದು ರಸ್ತೆಯಲ್ಲಿ ಉಳಿದಿರುವ ಯಾವ ಜಾವಾವನ್ನು ಅಳೆಯಹೊರಟರೂ ಅದು ಹಲವು ಕೈಗಳು ಬರೆದ ಓಲೆಯಂತಿರುತ್ತದೆ. ಜೆಕ್ ಗಾಡಿಗೆ ಯಿಕೋವ್ ಕಾರ್ಬ್ಯುರೇಟರ್ ಇತ್ತು. ನಮ್ಮ ಬೀದಿಯ ಗಾಡಿಗಳಲ್ಲಿ ಊರಿನ ಮೆಕ್ಯಾನಿಕ್ಕಿಗೆ ದೊರಕಿದ್ದು ಇದೆ. 6 ವೋಲ್ಟಿನ ವಿದ್ಯುತ್ತನ್ನು ಹಲವರು 12ಕ್ಕೆ ಬದಲಿಸಿಕೊಂಡಿದ್ದಾರೆ. ಜಾವಾದ ಮೈಗೆ ರೋಡ್‌ಕಿಂಗ್‌ನ ಕೈಪಿಡಿ, ಯೆಜ್ಡಿಯ ದೇಹಕ್ಕೆ ಜಾವಾದ ಟ್ಯಾಂಕು. 1996ರಲ್ಲಿ ಕಾರ್ಖಾನೆ ಮುಚ್ಚಿದ ಮೇಲೆ ಬಿಡಿಭಾಗಗಳಿಗಾಗಿ ಒಂದು ಗಾಡಿಯನ್ನು ಬಿಚ್ಚಿ ಇನ್ನೊಂದನ್ನು ಬದುಕಿಸುವುದು ಅನಿವಾರ್ಯವಾಯಿತು.

ಇವುಗಳಿಗಿಂತ ಮುಖ್ಯವಾದದ್ದು ಭಾರತೀಯ ಸಂಸಾರವು ಈ ಗಾಡಿಯ ಮೇಲೆ ಬರೆದ ಸೇರ್ಪಡೆಗಳು. ಪ್ರಾಗ್ ನಗರದ ಬೀದಿಗಳಿಗೆ ರೂಪಿಸಿದ ಗಾಡಿಗೆ ಸೀರೆಯ ಕಲ್ಪನೆಯಿರಲಿಲ್ಲ. ಇಲ್ಲಿ ಹಿಂದಿನ ಆಸನದಲ್ಲಿ ಒಂದೇ ಪಕ್ಕಕ್ಕೆ ಕಾಲಿಟ್ಟು ಕೂರುವವರಿಗೆ ಕಾಲಿಡಲೊಂದು ಪಟ್ಟಿ ಬೇಕಾಯಿತು, ಸೆರಗು ಚಕ್ರಕ್ಕೆ ಸಿಕ್ಕದಂತೆ ಜಾಲರಿ ಬೇಕಾಯಿತು, ಹಿಡಿದುಕೊಳ್ಳಲು ಹಿಡಿ ಬೇಕಾಯಿತು. ರೂಢಿಯಲ್ಲಿದ್ದದ್ದು ಶಾಸನವೂ ಆಯಿತು: 1989ರ ಕೇಂದ್ರ ಮೋಟಾರು ವಾಹನ ನಿಯಮಾವಳಿಯ 123ನೆಯ ನಿಯಮವು ಹಿಂಬದಿ ಸವಾರರಿಗೆ ಕೈಹಿಡಿ, ಕಾಲುಪಟ್ಟಿ ಮತ್ತು ಹಿಂದಿನ ಚಕ್ರದ ಅರ್ಧವನ್ನಾದರೂ ಮುಚ್ಚುವ ರಕ್ಷಣೆಯನ್ನು ವಿಧಿಸುತ್ತದೆ. ಸಂಗ್ರಾಹಕನೊಬ್ಬನು ‘ಮೂಲರೂಪಕ್ಕೆ’ ತರುವ ಹುಮ್ಮಸ್ಸಿನಲ್ಲಿ ಮೊದಲು ಕಿತ್ತೆಸೆಯುವುದು ಈ ಜಾಲರಿಯನ್ನೇ. ಅವನ ದೃಷ್ಟಿಯಲ್ಲಿ ಅದು ಪ್ರಕ್ಷೇಪ. ಆದರೆ ಎಷ್ಟೋ ಮನೆಗಳಲ್ಲಿ ಅಮ್ಮಂದಿರು ಆ ಗಾಡಿಯ ಮೇಲೆ ಸುರಕ್ಷಿತವಾಗಿ ಕುಳಿತಿದ್ದರೆಂಬುದಕ್ಕೆ ಉಳಿದಿರುವ ಲೋಹದ ಸಾಕ್ಷಿ ಅದೊಂದೇ. ಹನ್ನೆರಡರಲ್ಲೊಂದು ಪಾಲಿನಲ್ಲಿ ಆ ಜಾಲರಿಯನ್ನು ಬೆಸುಗೆ ಹಾಕುವುದು ಇಡೀ ಮಾದರಿಯಲ್ಲೇ ಕಷ್ಟದ ಕೆಲಸ. ಬಿಟ್ಟುಬಿಡಲು ಅದೊಂದು ಸುಲಭದ ನೆವವೂ ಆಗುತ್ತದೆ.

ದೌಂಡದ ಮಾತು ಇಲ್ಲಿ ಬರುತ್ತದೆ. ಬ್ರಿಟಿಷರ ಕಾಗದಗಳಲ್ಲಿ ‘ಧೋಂಡ್’ ಎಂದಿದ್ದ ಈ ಊರು 1878ರಲ್ಲಿ ಮನಮಾಡಿನ ಮಾರ್ಗ ತೆರೆದ ಮೇಲೆ ದೊಡ್ಡ ರೈಲ್ವೆ ಕೂಡುದಾಣವಾಯಿತು. ಉತ್ತರದಿಂದ ಮನಮಾಡ್, ಅಹಮದನಗರಗಳ ಮೂಲಕ ಬರುವ ಕರ್ನಾಟಕ ಎಕ್ಸ್‌ಪ್ರೆಸ್ಸೂ ಮುಂಬಯಿಯಿಂದ ಬರುವ ಉದ್ಯಾನ್ ಎಕ್ಸ್‌ಪ್ರೆಸ್ಸೂ ಇಲ್ಲಿಂದ ಸೊಲ್ಲಾಪುರ, ಕಲಬುರಗಿ, ವಾಡಿಗಳ ಕಡೆಗೆ ಒಂದೇ ಹಳಿಯನ್ನು ಹಿಡಿಯುತ್ತವೆ. ಊರಿನ ಪಕ್ಕದಲ್ಲಿ ಹರಿಯುವ ಭೀಮೆಯೂ ಅದೇ ದಿಕ್ಕಿಗೆ ಹೊರಟು ವಿಜಯಪುರ, ಕಲಬುರಗಿ ಸೀಮೆಗಳನ್ನು ಹಾಯ್ದು ಕೃಷ್ಣೆಯನ್ನು ಸೇರುತ್ತಾಳೆ. ವರ್ಗಾವಣೆಯಾದ ನೌಕರರ ಸಾಮಾನಿನ ಜೊತೆ ಗಾಡಿಗಳೂ ಹೀಗೆ ರೈಲಿನಲ್ಲಿ ಬರುತ್ತವೆ: ಟ್ಯಾಂಕಿನ ಪೆಟ್ರೋಲನ್ನು ಪೂರ್ತಿ ಬಸಿದು, ಗೋಣಿತಟ್ಟು ಸುತ್ತಿ, ಹುರಿಯಿಂದ ಬಿಗಿದು, ಎಲ್ಲಿಂದ ಎಲ್ಲಿಗೆ ಎಂಬ ಚೀಟಿ ಅಂಟಿಸಿ, ಪಾರ್ಸಲ್ ಡಬ್ಬಿಯಲ್ಲಿ. ಕೇಂದ್ರ ಸರ್ಕಾರದ ಸೇವೆಯಲ್ಲಿರುವ ನಮ್ಮಂಥವರಿಗೆ ಆ ಗೋಣಿತಟ್ಟಿನ ಮೂಟೆ ಬಹಳ ಪರಿಚಿತ.

ಇಳಿದ ಮೇಲೆ ಕಾನೂನು ಕಾಯುತ್ತಿರುತ್ತದೆ. 1988ರ ಮೋಟಾರು ವಾಹನ ಅಧಿನಿಯಮದ 47ನೆಯ ಕಲಮಿನ ಪ್ರಕಾರ ಒಂದು ರಾಜ್ಯದ ಗಾಡಿ ಇನ್ನೊಂದು ರಾಜ್ಯದಲ್ಲಿ ಹನ್ನೆರಡು ತಿಂಗಳಿಗೆ ಮೀರಿ ಇದ್ದರೆ ಹೊಸ ನೋಂದಣಿ ಸಂಖ್ಯೆಯನ್ನು ಪಡೆಯಬೇಕು. ಮೈಸೂರು ರಾಜ್ಯದ ಕಾಲದಲ್ಲಿ ‘ಎಂವೈ’ ಎಂದು ಆರಂಭವಾಗುತ್ತಿದ್ದ ಫಲಕ, ಆಮೇಲಿನ ‘ಕೆಎ’ ಫಲಕ, ಇಲ್ಲಿ ಬಾರಾಮತಿ ಕಚೇರಿಯ ‘ಎಂಎಚ್ 42’ ಆಗುತ್ತದೆ. ಸಂಖ್ಯೆ ಬದಲಾದರೂ ಚಾಸಿಯ ಮೇಲೆ ಕೊರೆದ ಅಂಕೆ ಬದಲಾಗುವುದಿಲ್ಲ. ಹೊರನಾಡಿನಲ್ಲಿರುವ ಕನ್ನಡಿಗರಿಗೆ ಈ ಮಾತನ್ನು ವಿವರಿಸಿ ಹೇಳಬೇಕಿಲ್ಲ.

ಹಾಗಾದರೆ ನಮ್ಮ ಮಾದರಿಗೆ ಯಾವ ಫಲಕ? ನಮ್ಮ ನಡುವೆ ಇದು ಬಹುದಿನ ಚರ್ಚೆಯಾಯಿತು. 1961ರಲ್ಲಿ ಯಾದವಗಿರಿಯ ಬಾಗಿಲಿನಿಂದ ಹೊರಬಂದ ಕಡುಗೆಂಪು ಜಾವಾವನ್ನೇ ಮಾಡಬೇಕು, ಕ್ರೋಮಿನ ಹೊಳಪು, ಚಿನ್ನದ ಬಣ್ಣದ ಗೆರೆ, ಒಂದು ಗೀರೂ ಇಲ್ಲದ ಮೈ ಎಂಬುದು ಒಂದು ಪಕ್ಷ. ಕವಿಯ ಪಾಠವನ್ನು ಕಾಣುವುದೇ ಸಂಪಾದಕನ ಗುರಿ ಎಂಬ ವಾದವಿದು. ಇನ್ನೊಂದು ಪಕ್ಷದ ಮಾತು ಹೀಗಿತ್ತು: ಅಂಥ ಗಾಡಿ ಬದುಕಿದ್ದು ಕಾರ್ಖಾನೆಯ ಬಾಗಿಲಿನಿಂದ ಕೊಂಡವರ ಮನೆಯವರೆಗೆ ಮಾತ್ರ. ಆಮೇಲಿನ ಮೂವತ್ತು ನಲವತ್ತು ವರ್ಷಗಳ ಕಾಲ ಬದುಕಿದ್ದು ಜಾಲರಿಯಿದ್ದ, ಗೀರುಬಿದ್ದ, ಫಲಕ ಬದಲಾದ ಗಾಡಿ. ಎರಡೂ ಪಕ್ಷಗಳಿಗೆ ಬಲವಿದೆ. ಮೂಲ ಯಾವುದೆಂದು ಗೊತ್ತಿಲ್ಲದವನಿಗೆ ಸೇರ್ಪಡೆಯೂ ಸೇರ್ಪಡೆಯೆಂದು ಕಾಣುವುದಿಲ್ಲ. ಸೇರ್ಪಡೆಗಳನ್ನೆಲ್ಲ ಅಳಿಸಿದವನ ಕೈಯಲ್ಲಿ ಉಳಿಯುವುದು ಜೆಕೊಸ್ಲೊವಾಕಿಯದ ಗಾಡಿ, ಮೈಸೂರಿನದಲ್ಲ. ಒಳ್ಳೆಯ ಸಂಪಾದಕರು ಮೂಲವೆಂದು ತೋರಿದ್ದನ್ನು ಮೇಲೆ ಅಚ್ಚುಹಾಕಿ, ಪಾಠಾಂತರಗಳನ್ನು ಅಡಿಟಿಪ್ಪಣಿಯಲ್ಲಿ ಕಾಪಾಡಿದರು. ನಾವು ಆಯ್ದುಕೊಂಡದ್ದು ಆ ದಾರಿ. ಎಂಜಿನ್, ಟ್ಯಾಂಕು, ಚಕ್ರಗಳು 353ರ ಅಳತೆಗೆ ನಿಷ್ಠ. ಅದರ ಮೇಲೆ ಜಾಲರಿ, ಕಾಲುಪಟ್ಟಿ, ಸವೆದ ಮಂಡಿಪಟ್ಟಿ, ದೌಂಡದ ಫಲಕ. ಪ್ರತಿಯೊಂದು ಸೇರ್ಪಡೆಯೂ ಯಾವ ಕಾಲದ್ದೆಂದು ಬರೆದಿಟ್ಟ ಒಂದು ಹಾಳೆ ಮಾದರಿಯ ಅಡಿಯಲ್ಲಿ.

ಇಷ್ಟು ಸಣ್ಣ ವಸ್ತುವಿಗೆ ಇಷ್ಟು ವಾದವೇಕೆ ಎಂದು ಕೇಳಬಹುದು. ಯಾದವಗಿರಿಯನ್ನೇ ನೋಡೋಣ. ಅದೇ ಬಡಾವಣೆಯಲ್ಲಿ ಆರ್.ಕೆ. ನಾರಾಯಣ್ ಕಟ್ಟಿಸಿದ ಮನೆ ಕೆಡವುವವರ ಕೈಯಿಂದ ಪಾರಾಗಿ 2016ರಲ್ಲಿ ವಸ್ತುಸಂಗ್ರಹಾಲಯವಾಯಿತು. ಇಂಗ್ಲಿಷ್ ಸಾಹಿತ್ಯ ಓದಿದ ನಮಗೆ ಅದು ಸಂತೋಷದ ಸಂಗತಿ. ಮೈಸೂರಿನ ಉಗಿಬಂಡಿಗಳಿಗೆ 1979ರಿಂದಲೇ ರೈಲ್ವೆ ಸಂಗ್ರಹಾಲಯವಿದೆ. ಬೆಂಗಳೂರಿನ ಎಚ್‌ಎಂಟಿ ಕೈಗಡಿಯಾರಗಳಿಗೂ 2019ರಲ್ಲಿ ಒಂದು ಮನೆ ದೊರಕಿತು. ಮೂರೂವರೆ ದಶಕ ಶಿಳ್ಳೆ ಹೊಡೆದು ಪಾಳಿ ಬದಲಿಸಿದ ಐಡಿಯಲ್ ಜಾವಾಕ್ಕೆ ಆ ಭಾಗ್ಯವಿರಲಿಲ್ಲ. ಎಂಬತ್ತರ ದಶಕದ ನಡುವೆ ಇಂಡ್-ಸುಜುಕಿ, ಹೀರೋ ಹೋಂಡಾ, ಯಮಹಾಗಳ 100 ಸಿಸಿ ಗಾಡಿಗಳು ಬಂದವು. ಕಡಿಮೆ ಪೆಟ್ರೋಲು ಕುಡಿಯುವ ಹಗುರ ಗಾಡಿಗಳ ಮುಂದೆ ಎಣ್ಣೆ ಬೆರೆಸಿದ ಪೆಟ್ರೋಲಿನ, ಹೊಗೆಯುಗುಳುವ 250 ಸಿಸಿ ಗಾಡಿ ನಿಲ್ಲಲಾರದೆ ಹೋಯಿತು. ತೊಂಬತ್ತರ ದಶಕದ ಹೊಗೆ ನಿಯಮಗಳು ಅದರ ದಾರಿಯನ್ನು ಇನ್ನೂ ಕಿರಿದುಮಾಡಿದವು. ಕಾರ್ಖಾನೆ ಮುಚ್ಚಿತು, ಸಂಸ್ಥೆ ಸಮಾಪನೆಗೆ ಹೋಯಿತು, ಕೆಲಸಗಾರರು ಚದುರಿದರು.

2018ರ ನವೆಂಬರಿನಲ್ಲಿ ಜಾವಾ ಎಂಬ ಹೆಸರು ಮತ್ತೆ ಮಾರುಕಟ್ಟೆಗೆ ಬಂತು. 2022ರಲ್ಲಿ ಯೆಜ್ಡಿಯೂ ಬಂತು. ಈಗ ಅವು ತಯಾರಾಗುವುದು ಮಧ್ಯಪ್ರದೇಶದ ಪೀಥಂಪುರದಲ್ಲಿ. ಹೊಸ ಜಾವಾದ ಇಂಜಿನ್ನು ನಾಲ್ಕು ಹೊಡೆತದ್ದು, ನೀರಿನಿಂದ ತಣಿಯುವಂಥದ್ದು. ಆದರೂ ಒಂದೇ ಸಿಲಿಂಡರಿಗೆ ಎರಡು ಹೊಗೆಕೊಳವೆಗಳನ್ನು ಉಳಿಸಿಕೊಂಡಿದ್ದಾರೆ. ದುಂಡು ಟ್ಯಾಂಕು, ಕಡುಗೆಂಪು ಬಣ್ಣವನ್ನೂ ಉಳಿಸಿಕೊಂಡಿದ್ದಾರೆ. ಒಂದು ಅರ್ಥದಲ್ಲಿ ಅದೂ ಒಂದು ಅಳತೆ ಮಾದರಿಯೇ. ಪ್ರಮಾಣ ಮಾತ್ರ ಒಂದಕ್ಕೆ ಒಂದು. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಹೊಸ ಗಾಡಿ ಜನಪ್ರಿಯವಾದಷ್ಟೂ ಹಳೆಯದನ್ನು ಹೊಸದರಂತೆ ಹೊಳೆಯಿಸುವ ಚಪಲವೂ ಹೆಚ್ಚುತ್ತಿದೆ. ಜುಲೈ ತಿಂಗಳ ಎರಡನೆಯ ಭಾನುವಾರ ಬೆಂಗಳೂರು, ಮೈಸೂರುಗಳಲ್ಲಿ ಜಾವಾ-ಯೆಜ್ಡಿ ದಿನದ ಮೆರವಣಿಗೆಯಲ್ಲಿ ಸಾಲುಗಟ್ಟುವ ಗಾಡಿಗಳನ್ನು ಕಂಡು ಹಿಗ್ಗುವವರಲ್ಲಿ ನಾವೂ ಇದ್ದೇವೆ. ಆ ಹೊಸ ಬಣ್ಣಗಳ ಕೆಳಗೆ ಎಷ್ಟು ಅಡಿಟಿಪ್ಪಣಿಗಳು ಅಳಿಸಿಹೋಗಿವೆಯೋ ಎಂಬ ಯೋಚನೆಯೂ ಜೊತೆಗೇ ಬರುತ್ತದೆ.

ಮೈಸೂರಿನ ಮನೆಗಳಲ್ಲಿ ದಸರೆಗೆ ಗೊಂಬೆ ಕೂರಿಸುವಾಗ ಪಟ್ಟದ ಗೊಂಬೆಗಳ ಕೆಳಗಿನ ಮೆಟ್ಟಿಲುಗಳಲ್ಲಿ ಊರಿನ ಬಾಳೆಲ್ಲ ನೆರೆಯುತ್ತದೆ: ಸಂತೆ, ಮದುವೆ, ಶೆಟ್ಟಿಯ ಅಂಗಡಿ, ರೈಲು. ಲೋಕವನ್ನು ಕಿರಿದಾಗಿಸಿ ಕಾಪಿಡುವ ಈ ರೂಢಿಗೆ ನಾವು ಪರಕೀಯರಲ್ಲ. ಆ ಸಾಲಿನಲ್ಲಿ ಹದಿನಾರು ಹದಿನೇಳು ಸೆಂಟಿಮೀಟರು ಉದ್ದದ ಒಂದು ಜಾವಾ, ಜಾಲರಿ ಸಮೇತ, ನಿಲ್ಲುವುದು ಸಹಜವೇ ಆಗಿದೆ.

ಹೊರನಾಡಿನ ಓದುಗರಲ್ಲಿ ಒಂದು ವಿನಂತಿ. ತಂದೆಯವರದೋ ಚಿಕ್ಕಪ್ಪನವರದೋ ಜಾವಾ ಅಥವಾ ಯೆಜ್ಡಿ ನಿಮ್ಮ ಮನೆಯ ಮೂಲೆಯಲ್ಲಿ ನಿಂತಿದ್ದರೆ, ಅದನ್ನು ಬಣ್ಣದ ಅಂಗಡಿಗೆ ಕಳಿಸುವ ಮೊದಲು ಅರ್ಧ ದಿನವನ್ನು ಅದಕ್ಕೆ ಕೊಡಿ. ನಾಲ್ಕೂ ಬದಿಗಳಿಂದ, ಪಕ್ಕದಲ್ಲೊಂದು ಅಳತೆಪಟ್ಟಿ ಇಟ್ಟು, ಚಿತ್ರ ತೆಗೆಯಿರಿ. ಬಣ್ಣ ಕಿತ್ತ ಕಡೆ ಎಷ್ಟು ಪದರಗಳಿವೆ, ಅವುಗಳ ಅನುಕ್ರಮವೇನು ಎಂದು ನೋಡಿ ಬರೆದಿಡಿ. ಜಾಲರಿಯ ಕಂಬಿಗಳ ಸಂಖ್ಯೆಯನ್ನು ಎಣಿಸಿ. ಹಳೆಯ ನೋಂದಣಿ ಪುಸ್ತಕ, ರೈಲ್ವೆ ಪಾರ್ಸಲಿನ ರಸೀದಿ, ಆಯುಧಗಳ ಚೀಲ ಇದ್ದರೆ ಎಸೆಯಬೇಡಿ. ಹಿಂದಿನ ಆಸನದಲ್ಲಿ ಕೂರುತ್ತಿದ್ದವರು ಇನ್ನೂ ಇದ್ದರೆ, ಆ ಕಾಲುಪಟ್ಟಿಯನ್ನು ಯಾವಾಗ, ಯಾರಿಂದ ಹಾಕಿಸಿದ್ದು ಎಂದು ಅವರನ್ನೇ ಕೇಳಿ.